ಹೋದ ವಾರದ ಎದುರಾಳಿ ಈ ವಾರ ಬರುವುದಿಲ್ಲ

2020ರ ಡಿಸೆಂಬರ್ 26ರಂದು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ತಂಡದ ಪಟ್ಟಿ ಹೊರಬಿದ್ದಾಗ ಅಂದಿನ ಎದುರಾಳಿ ಚೆಲ್ಸಿಯ ಅಭಿಮಾನಿಗಳು ಗಾಬರಿಪಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆರ್ಸೆನಲ್ ಏಳು ಲೀಗ್ ಪಂದ್ಯಗಳಿಂದ ಗೆದ್ದಿರಲಿಲ್ಲ. 14 ಪಂದ್ಯ, 14 ಅಂಕ, 15ನೇ ಸ್ಥಾನ. ಮ್ಯಾನೇಜರ್ ಮಿಕೆಲ್ ಆರ್ಟೆಟಾ ಅವರ ಕುರ್ಚಿ ಅಲುಗಾಡುತ್ತಿದೆ ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತಿತ್ತು. ಆಡುವ ಹನ್ನೊಂದರಲ್ಲಿ ಔಬಮೆಯಾಂಗ್ ಇಲ್ಲ, ವಿಲಿಯನ್ ಇಲ್ಲ, ಡೇವಿಡ್ ಲೂಯಿಜ್ ಇಲ್ಲ. ಅವರಿರಬೇಕಾದ ಕಡೆ 19 ವರ್ಷದ ಬುಕಾಯೊ ಸಾಕಾ, 19ರ ಗೇಬ್ರಿಯಲ್ ಮಾರ್ಟಿನೆಲ್ಲಿ, ಇಬ್ಬರ ನಡುವೆ 20ರ ಎಮಿಲ್ ಸ್ಮಿತ್ ರೋ. ಸ್ಮಿತ್ ರೋ ಆ ಋತುವಿನಲ್ಲಿ ಲೀಗ್ ಪಂದ್ಯವೊಂದನ್ನು ಮೊದಲ ಸೀಟಿಯಿಂದ ಆಡಿದ್ದು ಅಂದೇ ಮೊದಲು. ಪಂದ್ಯ 3-1ರಲ್ಲಿ ಮುಗಿಯಿತು, ಗೆದ್ದದ್ದು ಆರ್ಸೆನಲ್. ಸರಿಯಾಗಿ ಮೂವತ್ತು ದಿನಗಳಾದ ಮೇಲೆ ಕೆಲಸ ಕಳೆದುಕೊಂಡವರು ಚೆಲ್ಸಿಯ ಮ್ಯಾನೇಜರ್ ಫ್ರ್ಯಾಂಕ್ ಲ್ಯಾಂಪಾರ್ಡ್.

ಆ ಪಂದ್ಯಕ್ಕೆ ಹಿಂದಿನ ವಾರಗಳಲ್ಲಿ ಆರ್ಸೆನಲ್ ಆಟ ಹೀಗಿತ್ತು: ಚೆಂಡು ಅಂಚಿಗೆ ಹೋಗುವುದು, ಅಲ್ಲಿಂದ ಕ್ರಾಸ್ ಆಗುವುದು, ಎದುರಾಳಿಯ ಎತ್ತರದ ಡಿಫೆಂಡರ್ ಅದನ್ನು ತಲೆಯಿಂದ ಹೊರಹಾಕುವುದು. ಎದುರಾಳಿಯ ಮಿಡ್‌ಫೀಲ್ಡ್ ಸಾಲಿಗೂ ಡಿಫೆನ್ಸ್ ಸಾಲಿಗೂ ನಡುವಿನ ಜಾಗದಲ್ಲಿ ಚೆಂಡು ಪಡೆದು ತಿರುಗುವವರು ಯಾರೂ ಇರಲಿಲ್ಲ. ಸ್ಮಿತ್ ರೋ ಬಂದು ನಿಂತದ್ದು ಆ ಜಾಗದಲ್ಲೇ. ಒಬ್ಬ ಆಟಗಾರ, ಹತ್ತು ಹದಿನೈದು ಮೀಟರ್ ಜಾಗ. ಅಷ್ಟಕ್ಕೇ ಇಡೀ ತಂಡದ ಚೆಂಡಿನ ದಾರಿ ಬದಲಾಯಿತು. ಪಟ್ಟಿ ಹೊರಬರುವುದು ಪಂದ್ಯಕ್ಕೆ ಒಂದು ಗಂಟೆಯೋ ಒಂದೂಕಾಲು ಗಂಟೆಯೋ ಇರುವಾಗ. ಆಗ ಎದುರಾಳಿ ಕೋಚ್ ಆಟಗಾರರಿಗೆ ನಾಲ್ಕು ಮಾತು ಹೇಳಬಹುದು. ತರಬೇತಿ ಕೊಡಲು ಸಮಯವಿರುವುದಿಲ್ಲ.

ಎದುರಾಳಿ ಮ್ಯಾನೇಜರ್ ತೊಂದರೆಯಲ್ಲಿದ್ದಾರೆಂದು ಗೊತ್ತಾದ ವಾರ, ನಮ್ಮ ತಂಡ ಹೇಗಿರಬೇಕು ಎಂಬ ಅಭಿಮಾನಿಗಳ ವಾದ ಎರಡು ಬಣವಾಗುತ್ತದೆ. ‘ಇನ್ನೊಬ್ಬ ಸ್ಟ್ರೈಕರ್ ಹಾಕಿ, ಮೊದಲ ಹತ್ತು ನಿಮಿಷದಲ್ಲೇ ಮುಗಿಸಿ’ ಅನ್ನುವುದು ಒಂದು ಬಣ. ‘ಇವರಿಗೆ ಎರಡನೇ ಸಾಲಿನವರೇ ಸಾಕು, ಮುಖ್ಯ ಆಟಗಾರರನ್ನು ಮುಂದಿನ ಪಂದ್ಯಕ್ಕೆ ಉಳಿಸಿ’ ಅನ್ನುವುದು ಇನ್ನೊಂದು. ನೋಡುವುದಕ್ಕೆ ಉತ್ತರ ದಕ್ಷಿಣ, ಬುಡ ಮಾತ್ರ ಒಂದೇ. ಹೋದ ವಾರ ಸೋತ ತಂಡವೇ ಈ ವಾರವೂ ಬರುತ್ತದೆ, ಅದೇ ಹನ್ನೊಂದು ಮಂದಿ ಅದೇ ಜಾಗದಲ್ಲಿ ನಿಂತು ಅದೇ ತಪ್ಪು ಮಾಡುತ್ತಾರೆ ಎಂಬ ನಂಬಿಕೆ ಎರಡೂ ಕಡೆಗಿದೆ. ಸೋಲುತ್ತಿರುವ ತಂಡದಷ್ಟು ಬೇಗ ಬದಲಾಗುವ ತಂಡ ಇನ್ನೊಂದಿಲ್ಲ. ಗೆಲ್ಲುತ್ತಿರುವವರ ಪಟ್ಟಿಯನ್ನು ಮೂರು ದಿನ ಮುಂಚೆಯೇ ಬರೆದಿಡಬಹುದು. ಸೋಲುತ್ತಿರುವವರದ್ದನ್ನು ಬರೆಯಬೇಕಾದರೆ ಅವರ ಮ್ಯಾನೇಜರ್ ಯಾವುದಕ್ಕೆ ಹೆದರಿದ್ದಾರೆ ಎಂದು ಯೋಚಿಸಬೇಕು. ಹಾಗಾಗಿ ನಮ್ಮ ಹನ್ನೊಂದರ ಚರ್ಚೆ ಶುರುವಾಗಬೇಕಾದದ್ದು ಒಂದೇ ಪ್ರಶ್ನೆಯಿಂದ: ಅವರು ಏನನ್ನು ಬದಲಿಸುತ್ತಾರೆ?

ಒತ್ತಡಕ್ಕೆ ಸಿಕ್ಕ ಮ್ಯಾನೇಜರ್ ಸಾಮಾನ್ಯವಾಗಿ ಮೊದಲು ಮಾಡುವುದು ಬಾಗಿಲು ಭದ್ರಪಡಿಸುವ ಕೆಲಸ. 4-2-3-1 ಆಡುತ್ತಿದ್ದ ತಂಡ 5-4-1 ಆಗುತ್ತದೆ (ಡಿಫೆನ್ಸ್‌ನಿಂದ ಮುಂದಕ್ಕೆ ಒಂದೊಂದು ಸಾಲಿನಲ್ಲಿ ಎಷ್ಟು ಮಂದಿ ಎಂಬ ಎಣಿಕೆ ಇದು). ಸ್ಟ್ರೈಕರ್ ಹಿಂದೆ ಆಡುತ್ತಿದ್ದವನನ್ನು ತೆಗೆದು ಡಿಫೆನ್ಸ್ ಮಧ್ಯದಲ್ಲಿ ನಿಲ್ಲುವ ಇನ್ನೊಬ್ಬ ಸೆಂಟರ್ ಬ್ಯಾಕ್ ಸೇರಿಸಿದರೆ ಅರ್ಧ ಕೆಲಸ ಮುಗಿಯಿತು. ಗೋಲ್‌ಕೀಪರ್ ಹತ್ತಿರದ ಡಿಫೆಂಡರ್‌ಗೆ ಚೆಂಡು ಕೊಡುವುದನ್ನು ಬಿಟ್ಟು ನೇರವಾಗಿ ದೂರಕ್ಕೆ ಒದೆಯುತ್ತಾನೆ. 2019ರಲ್ಲಿ ನಿಯಮ ಬದಲಾದಾಗಿನಿಂದ ಗೋಲ್ ಕಿಕ್‌ನ ಚೆಂಡನ್ನು ಪೆನಾಲ್ಟಿ ಆವರಣದೊಳಗೇ ಪಡೆಯಬಹುದು. ಆತ್ಮವಿಶ್ವಾಸ ಇರುವ ತಂಡಕ್ಕೆ ಅದು ಅನುಕೂಲ. ಆರು ಪಂದ್ಯ ಸೋತ ತಂಡಕ್ಕೆ ಅದೇ ಅಪಾಯ, ಏಕೆಂದರೆ ಅಲ್ಲಿ ಒಂದು ಪಾಸ್ ತಪ್ಪಿದರೆ ಗೋಲು, ಆ ಗೋಲು ಮೊದಲ ಹದಿನೈದು ನಿಮಿಷದಲ್ಲೇ ಬಿದ್ದರೆ ಸ್ವಂತ ಪ್ರೇಕ್ಷಕರೇ ತಿರುಗಿಬೀಳುತ್ತಾರೆ. ಮ್ಯಾನೇಜರ್ ಅಂಜುವುದು ಆ ಹದಿನೈದು ನಿಮಿಷಕ್ಕೆ.

ಮೈದಾನದ ಅಗಲ 68 ಮೀಟರ್ ಎಂದಿಟ್ಟುಕೊಳ್ಳಿ, ದೊಡ್ಡ ಕ್ಲಬ್‌ಗಳ ಮೈದಾನಗಳು ಬಹುಪಾಲು ಅಷ್ಟೇ ಅಗಲ. ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬರಿಗೆ 17 ಮೀಟರ್ ಬರುತ್ತದೆ, ಐವರಾದರೆ 13.6. ನಾವು ಗೋಲು ಹುಡುಕುವುದು ಈ ಮೂರೂವರೆ ಮೀಟರ್ ವ್ಯತ್ಯಾಸದಲ್ಲಿ. ನಾಲ್ವರ ಸಾಲಿದ್ದಾಗ ಅಂಚಿನ ಡಿಫೆಂಡರ್ ಆದ ಫುಲ್‌ಬ್ಯಾಕ್‌ಗೂ ಸೆಂಟರ್ ಬ್ಯಾಕ್‌ಗೂ ನಡುವೆ ಓಡಿಹೋಗಲು ಬಿರುಕು ಸಿಗುತ್ತದೆ. ಐವರಾದಾಗ ಆ ಬಿರುಕು ಮುಚ್ಚಿಕೊಳ್ಳುತ್ತದೆ. ಹೀಗಿರುವಾಗ ಇನ್ನೊಬ್ಬ ಸ್ಟ್ರೈಕರ್ ಹಾಕಿದರೆ ಏನಾಗುತ್ತದೆ ನೋಡಿ. ಅವರಲ್ಲಿ ಮೂವರು ಸೆಂಟರ್ ಬ್ಯಾಕ್‌ಗಳಿದ್ದಾರೆ. ಇಬ್ಬರು ನಮ್ಮ ಇಬ್ಬರನ್ನು ಹಿಡಿದುಕೊಂಡರೂ ಇನ್ನೊಬ್ಬ ಬಿಡುವಾಗಿ ಉಳಿಯುತ್ತಾನೆ. ಇತ್ತ ನಮ್ಮ ಮಿಡ್‌ಫೀಲ್ಡ್‌ನಿಂದ ಒಬ್ಬ ಕಡಿಮೆಯಾದ. ದೂರಕ್ಕೆ ಒದೆದ ಚೆಂಡು ತಲೆಗೆ ಬಡಿದು ಕೆಳಗೆ ಬಿದ್ದಾಗ ಅದನ್ನು ಹೆಕ್ಕುವವನೇ ಅವನು. ‘ಎದುರಾಳಿ ದುರ್ಬಲ, ಇಬ್ಬರು ಸ್ಟ್ರೈಕರ್ ಬೇಕು’ ಅನ್ನುವವರು ಈ ಲೆಕ್ಕವನ್ನು ಕಡೆಗಣಿಸುತ್ತಾರೆ.

ಐವರ ಸಾಲನ್ನು ಒಡೆಯಲು ಬೇಕಾಗುವುದು ಒಂದೇ ಅಂಚಿನಲ್ಲಿ ಹೊಂದಿಕೊಂಡು ಆಡುವ ಇಬ್ಬರು. ಅಂಚಿನಿಂದ ದಾಳಿ ಮಾಡುವ ವಿಂಗರ್ ಒಳಗೆ ಬರಬೇಕು, ಅವನ ಹೊರಗಿನಿಂದ ಫುಲ್‌ಬ್ಯಾಕ್ ಓಡಬೇಕು. ಆಗ ಐವರ ಸಾಲಿನ ಅಂಚಿನಲ್ಲಿರುವ ಅವರ ವಿಂಗ್‌ಬ್ಯಾಕ್ ಒಬ್ಬನಿಗೆ ಇಬ್ಬರು ಎದುರಾಗುತ್ತಾರೆ. ಅವನಿಗೆ ನೆರವಾಗಲು ಅಂಚಿನ ಸೆಂಟರ್ ಬ್ಯಾಕ್ ಹೊರಗೆ ಬರಬೇಕು, ಬಂದಾಗ ಅವನ ಬೆನ್ನ ಹಿಂದೆ ಜಾಗ ತೆರೆಯುತ್ತದೆ, ಆ ಜಾಗಕ್ಕೆ ಮಿಡ್‌ಫೀಲ್ಡರ್ ನುಗ್ಗಬೇಕು. ಇಷ್ಟಕ್ಕೆ ಮೂವರು ಸಾಕು, ಆದರೆ ಮೂವರೂ ಕೂಡಿ ಆಡಿ ಅಭ್ಯಾಸವಿದ್ದವರಾಗಿರಬೇಕು. ಅಭಿಮಾನಿಗಳ ಚರ್ಚೆ ಹೆಚ್ಚಾಗಿ ದಾರಿ ತಪ್ಪುವುದು ಇಲ್ಲೇ. ಎಡ ವಿಂಗರ್‌ಗೆ ಯಾರು ಉತ್ತಮ ಎಂದು ಒಬ್ಬೊಬ್ಬರನ್ನೇ ತೂಗುತ್ತೇವೆ. ಎಡಗಾಲಿನ ವಿಂಗರ್ ಅಂಚಿಗೇ ಅಂಟಿಕೊಂಡು ಆಡುವವನಾದರೆ, ಅವನ ಹಿಂದೆ ಮುನ್ನುಗ್ಗುವ ಫುಲ್‌ಬ್ಯಾಕ್ ಇಟ್ಟು ಉಪಯೋಗವಿಲ್ಲ. ಇಬ್ಬರೂ ಒಂದೇ ಗೆರೆಯ ಮೇಲೆ ಓಡುತ್ತಾರೆ, ಒಬ್ಬ ಎದುರಾಳಿ ಇಬ್ಬರನ್ನೂ ತಡೆಯುತ್ತಾನೆ. ವಿಂಗರ್ ಬದಲಾದರೆ ಫುಲ್‌ಬ್ಯಾಕ್ ಕೂಡ ಬದಲಾಗಬೇಕಾಗಬಹುದು. ಆಯ್ಕೆ ಮಾಡುವುದು ಜೋಡಿಗಳನ್ನು.

ಎಡ ಸೆಂಟರ್ ಬ್ಯಾಕ್ ಬಲಗಾಲಿನವನಾದಾಗ ಏನಾಗುತ್ತದೆಂಬುದಕ್ಕೂ ಇದೇ ಮಾತು. ಒತ್ತಡ ಬಂದಾಗ ಅವನು ಚೆಂಡನ್ನು ತನ್ನ ಬಲಗಾಲಿಗೆ, ಅಂದರೆ ಮೈದಾನದ ಒಳಗಡೆಗೆ ತಿರುಗಿಸಿಕೊಳ್ಳುತ್ತಾನೆ. ಅಂಚಿನ ಪಾಸ್‌ಗೆ ಅರ್ಧ ಸೆಕೆಂಡ್ ತಡವಾಗುತ್ತದೆ. ಎದುರಾಳಿ ಪ್ರೆಸ್ ಮಾಡುವ, ಅಂದರೆ ಮುನ್ನುಗ್ಗಿ ಬಂದು ಚೆಂಡು ಕಸಿಯುವ ತಂಡವಾದರೆ ಆ ಅರ್ಧ ಸೆಕೆಂಡ್ ಸಾಕು. ಐವರನ್ನು ಹಿಂದಿಟ್ಟುಕೊಂಡು ಕಾಯುವ ತಂಡವಾದರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಭದ್ರ ಮಾಡಿಕೊಂಡು ಕೂರುವುದು ಒಂದು ದಾರಿಯಾದರೆ, ಕೈಬಿಟ್ಟದ್ದನ್ನು ಮರಳಿ ಹಿಡಿಯುವುದು ಇನ್ನೊಂದು. ಲೆಸ್ಟರ್ ಸಿಟಿ 2015-16ರ ಪ್ರೀಮಿಯರ್ ಲೀಗ್ ಗೆದ್ದ ಮುಂದಿನ ಋತುವಿನಲ್ಲೇ ಕುಸಿಯಿತು. 2017ರ ಫೆಬ್ರವರಿ 23ರಂದು ಮ್ಯಾನೇಜರ್ ಕ್ಲಾಡಿಯೊ ರಾನಿಯೇರಿ ಅವರನ್ನು ವಜಾ ಮಾಡಿದರು. ಆ ವರ್ಷ ಅಲ್ಲಿಯವರೆಗೆ ಲೆಸ್ಟರ್ ಲೀಗ್‌ನಲ್ಲಿ ಒಂದೂ ಗೋಲು ಹೊಡೆದಿರಲಿಲ್ಲ. ನಾಲ್ಕು ದಿನ ಬಿಟ್ಟು ಲಿವರ್‌ಪೂಲ್ ಎದುರಿಗೆ ಬಂತು. ಸಹಾಯಕರಾಗಿದ್ದು ಹೊಣೆ ವಹಿಸಿಕೊಂಡ ಕ್ರೇಗ್ ಶೇಕ್ಸ್‌ಪಿಯರ್ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಪ್ರಶಸ್ತಿ ಗೆದ್ದ ತಂಡದ ಹತ್ತು ಮಂದಿಯನ್ನು ಅವರವರ ಹಳೆಯ ಜಾಗದಲ್ಲೇ ನಿಲ್ಲಿಸಿದರು. ಕ್ಲಬ್ ಬಿಟ್ಟುಹೋಗಿದ್ದ ಕಾಂಟೆಯ ಜಾಗಕ್ಕೆ ಎನ್‌ಡಿಡಿ ಬಂದರು. ಅದೇ 4-4-2, ಅದೇ ರೀತಿ ಡಿಫೆನ್ಸ್ ಹಿಂದಿನ ಖಾಲಿ ಜಾಗಕ್ಕೆ ವಾರ್ಡಿ ಓಡುವುದು. ಫಲಿತಾಂಶ 3-1, ವಾರ್ಡಿ ಎರಡು, ಡ್ರಿಂಕ್‌ವಾಟರ್ ಒಂದು. ಲಿವರ್‌ಪೂಲ್‌ನ ಡಿಫೆನ್ಸ್ ಸಾಲು ಮುಂದೆ ಬಂದು ನಿಂತಿತ್ತು. ಎರಡು ತಿಂಗಳು ಗೋಲೇ ಹೊಡೆಯದ ತಂಡದ ಎದುರು ಹಾಗೆ ನಿಲ್ಲುವುದು ತಪ್ಪಲ್ಲ ಅನ್ನಿಸಬಹುದು. ವಾರ್ಡಿಯ ಎದುರು ಅದು ಯಾವತ್ತಿಗೂ ತಪ್ಪೇ.

ಮೂರನೆಯದು, ಬೆಂಚಿನಲ್ಲಿ ಕುಳಿತಿದ್ದವನು ವಾಪಸಾಗುವುದು. 2018ರ ಡಿಸೆಂಬರ್ 16ರಂದು ಲಿವರ್‌ಪೂಲ್‌ಗೆ 3-1ರಿಂದ ಸೋತ ಮ್ಯಾಂಚೆಸ್ಟರ್ ಯುನೈಟೆಡ್ ತಂಡದಲ್ಲಿ ಪಾಲ್ ಪೋಗ್ಬಾ ಇಡೀ ಪಂದ್ಯ ಬೆಂಚಿನಲ್ಲೇ ಇದ್ದರು. ಎರಡು ದಿನದಲ್ಲಿ ಮ್ಯಾನೇಜರ್ ಜೋಸೆ ಮೌರಿನ್ಯೊ ಅವರ ತಲೆದಂಡವಾಯಿತು. ಡಿಸೆಂಬರ್ 22ರಂದು ಅವರ ಜಾಗಕ್ಕೆ ಬಂದ ಓಲೆ ಗುನ್ನಾರ್ ಸೋಲ್ಶೇರ್ ಪೋಗ್ಬಾರನ್ನು ಕಣಕ್ಕಿಳಿಸಿದರು, ಯುನೈಟೆಡ್ ಕಾರ್ಡಿಫ್ ವಿರುದ್ಧ 5-1ರಿಂದ ಗೆದ್ದಿತು. ಮೊದಲ ಗೋಲು ಬಿದ್ದದ್ದು ಮೂರನೇ ನಿಮಿಷದಲ್ಲಿ, ರ್‍ಯಾಶ್‌ಫರ್ಡ್‌ರ ಫ್ರೀಕಿಕ್‌ನಿಂದ. ಆ ವಾರ ಕಾರ್ಡಿಫ್ ಪಾಳಯದಲ್ಲಿ ಎದುರಾಳಿಯ ಹಳೆಯ ಆಟವನ್ನು ಎಷ್ಟು ಓದಿದ್ದರೂ ಪ್ರಯೋಜನ ಕಡಿಮೆಯೇ ಇತ್ತು.

ಹಾಗಾದರೆ ಮುಂಚೆಯೇ ತಿಳಿಯುವುದು ಹೇಗೆ? ಪೂರ್ತಿ ತಿಳಿಯುವುದಿಲ್ಲ, ಸುಳಿವುಗಳು ಸಿಗುತ್ತವೆ. ಎದುರಾಳಿಯ ಕೊನೆಯ ಮೂರು ಪಂದ್ಯಗಳ ಪಟ್ಟಿಗಳನ್ನು ಪಕ್ಕಪಕ್ಕ ಇಡಿ, ಫಲಿತಾಂಶ ನೋಡಬೇಡಿ. ಮೂರರಲ್ಲೂ ಇರುವ ಹೆಸರುಗಳು ಆರೇಳಾದರೂ ಇದ್ದರೆ ಮ್ಯಾನೇಜರ್‌ಗೆ ಇನ್ನೂ ಒಂದು ತಂಡ ಇದೆ ಎಂದರ್ಥ. ನಾಲ್ಕಕ್ಕಿಂತ ಕಡಿಮೆಯಾದರೆ ಅವರು ಕತ್ತಲಲ್ಲಿ ತಡಕಾಡುತ್ತಿದ್ದಾರೆ, ಏನು ಬೇಕಾದರೂ ಬರಬಹುದು. ಆಮೇಲೆ ಮೊದಲ ಬದಲಿ ಆಟಗಾರ ಎಷ್ಟನೇ ನಿಮಿಷಕ್ಕೆ ಬಂದ, ಯಾರ ಬದಲಿಗೆ ಬಂದ ಎಂದು ನೋಡಿ. ಗಾಯವಿಲ್ಲದೆ ವಿರಾಮಕ್ಕೇ ಹೊರಬಂದವನು ಮುಂದಿನ ಪಂದ್ಯದ ಹನ್ನೊಂದರಲ್ಲಿ ಇರುವುದು ಅನುಮಾನ. ಅವನ ಬದಲಿಗೆ ಬಂದವನು ಆಡಿದ ಜಾಗವೇ ಮುಂದಿನ ವಾರದ ರಚನೆಯ ಮೊದಲ ಗೆರೆ. ಎರಡು ಪಂದ್ಯಗಳ ನಡುವೆ ಎಷ್ಟು ದಿನ ಇವೆ ಎಂಬುದನ್ನೂ ಎಣಿಸಿ. ಎರಡು ಮೂರು ದಿನವಷ್ಟೇ ಇದ್ದರೆ ಹೆಸರುಗಳು ಬದಲಾಗುತ್ತವೆ, ರಚನೆ ಬದಲಾಗುವುದು ಕಷ್ಟ, ಏಕೆಂದರೆ ಅದರಲ್ಲಿ ಒಂದು ದಿನ ವಿಶ್ರಾಂತಿಗೇ ಹೋಗುತ್ತದೆ. ಪೂರ್ತಿ ವಾರವಿದ್ದರೆ ಹೊಸ ರಚನೆಗೆ ಸಿದ್ಧರಿರಬೇಕು. ರಾಷ್ಟ್ರೀಯ ತಂಡಗಳ ಪಂದ್ಯಗಳಿಗಾಗಿ ಲೀಗ್‌ಗೆ ಬಿಡುವು ಕೊಟ್ಟಿದ್ದರೆ ಅದು ಬೇರೆಯೇ ಲೆಕ್ಕ: ದಿನ ಹೆಚ್ಚು, ಆದರೆ ಅರ್ಧ ತಂಡ ತರಬೇತಿ ಮೈದಾನದಲ್ಲೇ ಇರುವುದಿಲ್ಲ.

ಸೋಲಿನ ಸರಣಿಯಲ್ಲಿ ಅದೃಷ್ಟದ ಪಾಲು ಎಷ್ಟು ಎಂಬುದನ್ನೂ ಬೇರ್ಪಡಿಸಿ ನೋಡಬೇಕು. ಪೆನಾಲ್ಟಿಗಳಲ್ಲಿ ನಾಲ್ಕಕ್ಕೆ ಮೂರು ಗೋಲಾಗುತ್ತವೆ. ಪೆನಾಲ್ಟಿ ಆವರಣದ ಹೊರಗಿನಿಂದ ಹೊಡೆದದ್ದರಲ್ಲಿ ಗೋಲಾಗುವುದು ನೂರಕ್ಕೆ ಮೂರ್ನಾಲ್ಕು. ಒಂದು ತಂಡ ಮೂರು ಪಂದ್ಯಗಳಲ್ಲಿ ದೂರದಿಂದ ಬಂದ ಎರಡು ಗೋಲು ತಿಂದು, ತನಗೆ ಸಿಕ್ಕ ಒಂದು ಪೆನಾಲ್ಟಿ ಕಳೆದುಕೊಂಡಿದ್ದರೆ, ಅಂಕಪಟ್ಟಿ ಹೇಳುವಷ್ಟು ಕೆಟ್ಟದಾಗಿ ಅದು ಆಡಿರುವುದಿಲ್ಲ. ಮ್ಯಾನೇಜರ್ ಬದಲಾದ ಕೂಡಲೇ ತಂಡ ಚೇತರಿಸಿಕೊಂಡಂತೆ ಕಾಣುವುದರಲ್ಲಿ ದೊಡ್ಡ ಪಾಲು ಇದೇ ಅದೃಷ್ಟ ಸಮವಾಗುವುದು. ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ 1986ರಿಂದ 2004ರವರೆಗಿನ ಡಚ್ ಲೀಗ್ ಅನ್ನು ಪರಿಶೀಲಿಸಿದರು. ಮ್ಯಾನೇಜರ್‌ರನ್ನು ವಜಾ ಮಾಡಿದ ಕ್ಲಬ್‌ಗಳನ್ನು, ಅಂಥದ್ದೇ ಕುಸಿತ ಕಂಡೂ ವಜಾ ಮಾಡದ ಕ್ಲಬ್‌ಗಳ ಜೊತೆ ಹೋಲಿಸಿದರು. ವಜಾ ಮಾಡದವರೂ ಅವರಷ್ಟೇ ಚೇತರಿಸಿಕೊಂಡಿದ್ದರು. ಈ ಮಾತು ಕ್ಲಬ್ ಆಡಳಿತಗಳಿಗೆ ಎಷ್ಟು ಮುಖ್ಯವೋ ಎದುರಾಳಿ ಅಭಿಮಾನಿಗಳಿಗೂ ಅಷ್ಟೇ ಮುಖ್ಯ. ಕುರ್ಚಿ ಅಲುಗಾಡುತ್ತಿರಲಿ, ಹೊಸಬರು ಬಂದು ಕೂತಿರಲಿ, ನಮ್ಮೆದುರು ಬರುವ ತಂಡ ಕೊನೆಯ ಐದು ಫಲಿತಾಂಶ ಹೇಳುವುದಕ್ಕಿಂತ ಬಹುತೇಕ ಮೇಲೇ ಇರುತ್ತದೆ.

ಇನ್ನು ನಮ್ಮ ಹನ್ನೊಂದು. ನಾವು ದಾಳಿ ಮಾಡುವಾಗ ಹಿಂದೆ ಯಾರು ಉಳಿಯುತ್ತಾರೆ ಎಂಬುದರಿಂದ ಶುರುಮಾಡುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ. ಐವರು ಮುಂದೆ ಹೋದರೆ ಐವರು ಹಿಂದಿರಬೇಕು: ಮೂವರು ಕೊನೆಯ ಸಾಲಿನಲ್ಲಿ, ಇಬ್ಬರು ಅವರ ಮುಂದೆ. ಎಡ ಫುಲ್‌ಬ್ಯಾಕ್ ಮುಂದೆ ಹೋದರೆ ಬಲ ಫುಲ್‌ಬ್ಯಾಕ್ ಒಳಗೆ ಸರಿದು ಮೂರನೆಯವನಾಗುತ್ತಾನೆ. ಇಬ್ಬರೂ ಒಟ್ಟಿಗೆ ಮುನ್ನುಗ್ಗಿದರೆ ಮಿಡ್‌ಫೀಲ್ಡರ್ ಒಬ್ಬ ಇಳಿಯಬೇಕು, ಇಳಿಯದಿದ್ದರೆ ಚೆಂಡು ಕಸಿದು ಅವರು ಮಾಡುವ ಮೊದಲ ಮರುದಾಳಿಗೇ (ಕೌಂಟರ್) ಇಬ್ಬರು ಸೆಂಟರ್ ಬ್ಯಾಕ್‌ಗಳು ಅರ್ಧ ಮೈದಾನವನ್ನು ಕಾಯುವ ಸ್ಥಿತಿ ಬರುತ್ತದೆ. ಬಾಗಿಲು ಭದ್ರಪಡಿಸಿ ಕುಳಿತ ತಂಡಕ್ಕೆ ಗೋಲು ಹೊಡೆಯಲು ಇರುವುದು ಎರಡೇ ದಾರಿ, ಕೌಂಟರ್ ಮತ್ತು ಕಾರ್ನರ್-ಫ್ರೀಕಿಕ್. ಒಂದಕ್ಕೆ ಹಿಂದಿನವರಲ್ಲಿ ಓಟ ಬೇಕು, ಇನ್ನೊಂದಕ್ಕೆ ಎತ್ತರ. ವಿಶ್ರಾಂತಿ ಕೊಡುವ ಮಾತು ಬಂದಾಗ ಮೊದಲು ಹೊರಗಿಡಬಾರದವನು ಆ ಓಡುವ ಸೆಂಟರ್ ಬ್ಯಾಕ್. ಸ್ಟ್ರೈಕರ್‌ಗೆ ವಿಶ್ರಾಂತಿ ಕೊಡಿ, ಪರವಾಗಿಲ್ಲ.

2021ರ ಮೇ 29ರಂದು ಪೋರ್ಟೊದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನ ಆಯ್ಕೆ ಬಗ್ಗೆ ಇಂದಿಗೂ ವಾದ ಮುಗಿದಿಲ್ಲ. ಮ್ಯಾಂಚೆಸ್ಟರ್ ಸಿಟಿಯ ಪೆಪ್ ಗ್ವಾರ್ಡಿಯೋಲಾ ಅವರು ರೋಡ್ರಿಯನ್ನೂ ಫರ್ನಾಂಡಿನ್ಯೊರನ್ನೂ ಹೊರಗಿಟ್ಟು ಮಿಡ್‌ಫೀಲ್ಡ್‌ನ ತಳದಲ್ಲಿ ಗುಂಡೊಗಾನ್‌ರನ್ನು ನಿಲ್ಲಿಸಿದರು. ಹಾವರ್ಟ್ಜ್ 42ನೇ ನಿಮಿಷದಲ್ಲಿ ಗೋಲು ಹೊಡೆದರು, ಚೆಲ್ಸಿ 1-0ರಿಂದ ಗೆದ್ದಿತು. ಆ ಗೋಲಿಗೆ ಈ ಆಯ್ಕೆಯೊಂದೇ ಕಾರಣ ಎನ್ನಲಾರೆ. ಮಧ್ಯದಲ್ಲಿ ಚೆಂಡು ಕಳೆದುಕೊಂಡಾಗ ಎದುರಾಳಿಯ ಮೊದಲ ಮುನ್ನುಗ್ಗುವಿಕೆಯನ್ನು ತಡೆಯುವವನು ಇಲ್ಲದಿದ್ದರೆ, ತಂಡದ ಉಳಿದ ಪ್ರತಿಭೆಯೆಲ್ಲ ತಮ್ಮದೇ ಗೋಲಿನ ಕಡೆ ಮುಖ ಮಾಡಿ ಓಡಬೇಕಾಗುತ್ತದೆ ಎನ್ನುವುದು ಮಾತ್ರ ಆ ರಾತ್ರಿ ಸ್ಪಷ್ಟವಾಗಿ ಕಂಡಿತು. ಮುಂದೆ ಒಬ್ಬ ಹೆಚ್ಚಾದರೆ ದಾಳಿಯೂ ಹೆಚ್ಚಾಗುತ್ತದೆ ಎಂಬ ಎಣಿಕೆ ತಲೆಕೆಳಗಾಗುವುದು ಹೀಗೆ.

ಇದಕ್ಕೆ ತದ್ವಿರುದ್ಧವಾದ ಆಯ್ಕೆ 2012ರ ಮೇ 19ರದ್ದು. ಆಂದ್ರೆ ವಿಲ್ಲಾಸ್-ಬೋವಾಸ್ ಅವರನ್ನು ಮಾರ್ಚ್‌ನಲ್ಲಿ ತೆಗೆದ ಮೇಲೆ ಚೆಲ್ಸಿಯ ಹೊಣೆ ಹೊತ್ತಿದ್ದ ರೊಬೆರ್ಟೊ ಡಿ ಮ್ಯಾಟಿಯೊ, ಮ್ಯೂನಿಕ್‌ನಲ್ಲಿ ಬಯರ್ನ್ ಎದುರಿನ ಫೈನಲ್‌ಗೆ ಎಡ ಮಿಡ್‌ಫೀಲ್ಡ್‌ನಲ್ಲಿ ರಯಾನ್ ಬರ್ಟ್ರಾಂಡ್ ಎಂಬ ಫುಲ್‌ಬ್ಯಾಕ್ ಹೆಸರು ಬರೆದರು. ಬರ್ಟ್ರಾಂಡ್‌ಗೆ ಚಾಂಪಿಯನ್ಸ್ ಲೀಗ್‌ನಲ್ಲಿ ಅದೇ ಮೊದಲ ಪಂದ್ಯ. ಬಯರ್ನ್‌ನ ಬಲ ಅಂಚಿನಲ್ಲಿ ರೊಬ್ಬೆನ್, ಅವರ ಹಿಂದಿನಿಂದ ಮುನ್ನುಗ್ಗುವ ಲಾಮ್. ಆಶ್ಲಿ ಕೋಲ್ ಒಬ್ಬರಿಗೆ ಇಬ್ಬರನ್ನು ಬಿಡುವ ಬದಲು ಅಲ್ಲಿ ಇನ್ನೊಬ್ಬ ಫುಲ್‌ಬ್ಯಾಕ್ ನಿಂತರು. ಪಂದ್ಯ 1-1ರಲ್ಲಿ ಉಳಿದು, ಪೆನಾಲ್ಟಿಗಳಲ್ಲಿ ಚೆಲ್ಸಿ 4-3ರಿಂದ ಗೆದ್ದಿತು. ಹೆಸರು ನೋಡಿ ತಂಡ ಕಟ್ಟಿದ್ದರೆ ಬರ್ಟ್ರಾಂಡ್ ಬೆಂಚಿನಲ್ಲೂ ಕೊನೆಯವರಾಗಿರುತ್ತಿದ್ದರು.

ವಾದದಲ್ಲಿ ಬೆಂಚಿಗೆ ಸಿಗುವ ಸಮಯ ಬಹಳ ಕಡಿಮೆ. 2020ರಲ್ಲಿ ತಾತ್ಕಾಲಿಕವಾಗಿ ಬಂದು 2022ರಲ್ಲಿ ಕಾಯಂ ಆದ ನಿಯಮದಂತೆ ಉನ್ನತ ಮಟ್ಟದ ಪಂದ್ಯಗಳಲ್ಲಿ ಐವರನ್ನು ಬದಲಿಸಬಹುದು, ಆದರೆ ಆಟ ನಿಲ್ಲಿಸಿ ಬದಲಿಸಲು ಮೂರೇ ಅವಕಾಶ. ವಿರಾಮದ ವೇಳೆ ಮಾಡಿದ್ದು ಆ ಮೂರರಲ್ಲಿ ಸೇರುವುದಿಲ್ಲ. ಮೈದಾನದ ಹತ್ತು ಆಟಗಾರರಲ್ಲಿ ಐವರು ಎಂದರೆ ಅರ್ಧ ತಂಡ. ಆದ್ದರಿಂದ ಹನ್ನೊಂದು ಮಂದಿಯನ್ನಷ್ಟೇ ಬರೆದು ಕೂತರೆ ಅರ್ಧ ಪಂದ್ಯದ ಯೋಜನೆ ಮಾಡಿದಂತೆ. ನಾನು ಹದಿನಾರು ಹೆಸರು ಬರೆಯಬೇಕು ಅನ್ನುವ ಪಕ್ಷದವನು: ಮೊದಲು ಹನ್ನೊಂದು, ಆಮೇಲೆ 60ನೇ ನಿಮಿಷಕ್ಕೆ ಇಬ್ಬರು, 75ಕ್ಕೆ ಇಬ್ಬರು, ಕೊನೆಗೆ ಒಬ್ಬ ಮತ್ತು ಒಂದು ಅವಕಾಶ ಕೈಯಲ್ಲಿ. ಒಬ್ಬೊಬ್ಬರನ್ನೇ ಮೂರು ಸಲ ಕಳಿಸಿ 70ರೊಳಗೆ ಅವಕಾಶಗಳನ್ನು ಮುಗಿಸಿಕೊಂಡರೆ, ಬೆಂಚಿನಲ್ಲಿ ಇನ್ನೂ ಇಬ್ಬರನ್ನು ಕಳಿಸಬಹುದಾಗಿದ್ದರೂ ಗಾಯವಾದವನ ಬದಲು ಯಾರನ್ನೂ ಇಳಿಸಲಾಗದೆ ಹತ್ತು ಮಂದಿ ಆಡಬೇಕಾಗುತ್ತದೆ.

ಮೌರಿನ್ಯೊ ಕೊನೆಯ ಪಂದ್ಯವನ್ನೇ ಈಗ ಲಿವರ್‌ಪೂಲ್ ಕಡೆಯಿಂದ ನೋಡಿ. ಎದುರಾಳಿ ಮ್ಯಾನೇಜರ್ ಪೂರ್ತಿ ಬಳಲಿದ್ದರು, ಲಿವರ್‌ಪೂಲ್ ಆ ದಿನ 36 ಸಲ ಗೋಲಿಗೆ ಗುರಿಯಿಟ್ಟಿತು, ಆದರೂ 70ನೇ ನಿಮಿಷಕ್ಕೆ 1-1. ಆಗ ಯುರ್ಗನ್ ಕ್ಲಾಪ್ ಅವರು ಕೇಟಾ ಬದಲಿಗೆ ಶಾಕಿರಿಯನ್ನು ಕಳಿಸಿದರು. 73ಕ್ಕೆ ಒಂದು ಗೋಲು, 80ಕ್ಕೆ ಇನ್ನೊಂದು, ಎರಡೂ ಶಾಕಿರಿಯದ್ದೇ, ಎರಡೂ ಡಿಫೆಂಡರ್‌ಗಳಿಗೆ ತಾಗಿ ದಿಕ್ಕು ಬದಲಿಸಿ ಒಳಹೋದವು. ಶಾಕಿರಿಯನ್ನು ಮೊದಲೇ ಆಡಿಸಿದ್ದರೆ ಇನ್ನೂ ಸುಲಭವಾಗುತ್ತಿತ್ತು ಎಂದು ವಾದಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಎಪ್ಪತ್ತು ನಿಮಿಷ ಎಡಕ್ಕೂ ಬಲಕ್ಕೂ ಸರಿದು ಸರಿದು ಕಾಲು ಭಾರವಾದ ಡಿಫೆಂಡರ್, ಚೆಂಡಿಗೆ ಅಡ್ಡ ಬರುವಾಗ ಅರ್ಧ ಹೆಜ್ಜೆ ತಡವಾಗುತ್ತಾನೆ. ಚೆಂಡು ಅವನ ಎದೆಗೆ ಬಡಿದು ವಾಪಸಾಗುವ ಬದಲು ಕಾಲ ತುದಿಗೆ ತಾಗಿ ಒಳಗೆ ಹೋಗುತ್ತದೆ. ಬಾಗಿಲು ಭದ್ರಪಡಿಸಿದ ತಂಡದ ಎದುರು ಮೊದಲ ಎಪ್ಪತ್ತು ನಿಮಿಷ ಕೊನೆಯ ಇಪ್ಪತ್ತಕ್ಕೆ ಹಾಕಿದ ಬಂಡವಾಳ. ಅದಕ್ಕೇ ಅತ್ಯಂತ ಚುರುಕಿನ ಡ್ರಿಬ್ಲರ್ ಬೆಂಚಿನಲ್ಲಿ ಇರುವುದು ತಪ್ಪಲ್ಲ.

ದಣಿವಿನ ಲೆಕ್ಕವನ್ನು ಗಂಟೆಗಳಲ್ಲಿ ಮಾಡಬೇಕು. ಬುಧವಾರ ರಾತ್ರಿ 10ಕ್ಕೆ ಮುಗಿದ ಪಂದ್ಯಕ್ಕೂ ಶನಿವಾರ ಮಧ್ಯಾಹ್ನ 12:30ಕ್ಕೆ ಶುರುವಾಗುವ ಪಂದ್ಯಕ್ಕೂ ನಡುವೆ 62 ಗಂಟೆ 30 ನಿಮಿಷ ಇದೆ. ‘ಮೂರು ದಿನ ಇದೆಯಲ್ಲ’ ಎಂದರೆ ಕಡಿಮೆಯಾದ ಒಂಬತ್ತೂವರೆ ಗಂಟೆ ಮರೆತಂತೆ. ಪೂರ್ತಿ ವೇಗದಲ್ಲಿ ಹೆಚ್ಚು ಓಡುವವರಾದ ವಿಂಗರ್ ಮತ್ತು ಫುಲ್‌ಬ್ಯಾಕ್‌ಗಳ ಸ್ನಾಯು ಸರಿಹೋಗಲು 72 ಗಂಟೆಯಾದರೂ ಬೇಕು. ತೊಡೆಯ ಹಿಂಭಾಗದ ಸ್ನಾಯುವಿನ (ಹ್ಯಾಮ್‌ಸ್ಟ್ರಿಂಗ್) ಗಾಯಗಳು ಬರುವುದು ಈ ಅಂತರ ಕಡಿಮೆಯಾದಾಗಲೇ ಹೆಚ್ಚು. ಮಧ್ಯದ ಸೆಂಟರ್ ಬ್ಯಾಕ್, ಗೋಲ್‌ಕೀಪರ್ ತಡೆದುಕೊಳ್ಳುತ್ತಾರೆ. ಹಳದಿ ಕಾರ್ಡ್ ಲೆಕ್ಕವೂ ಇದರ ಜೊತೆಗೇ: ಪ್ರೀಮಿಯರ್ ಲೀಗ್‌ನಲ್ಲಿ ಮೊದಲ 19 ಪಂದ್ಯಗಳೊಳಗೆ ಐದು ಹಳದಿ ಕಾರ್ಡ್ ಆದರೆ ಒಂದು ಪಂದ್ಯ ನಿಷೇಧ. ನಾಲ್ಕು ಆಗಿರುವ ಮಿಡ್‌ಫೀಲ್ಡರ್, ಮುಂದಿನ ವಾರ ದೊಡ್ಡ ಪಂದ್ಯ. ಇವನನ್ನು ಆಡಿಸುವುದಾದರೆ ಗೆಲುವು ಖಚಿತವಾದ ಕೂಡಲೇ ಹೊರಗೆ ಕರೆಯಬೇಕು, ಅದಕ್ಕೂ ಒಂದು ಅವಕಾಶ ಉಳಿಸಿರಬೇಕು.

ಇದೆಲ್ಲದರ ನಡುವೆ ಪ್ರತಿ ಸಲ ಕೇಳಿಬರುವ ಒಂದು ಕೂಗಿದೆ: ‘ಇವತ್ತು ನಾವೇ ಅವರನ್ನು ಮನೆಗೆ ಕಳಿಸಬೇಕು.’ ಸ್ಟ್ಯಾಂಡ್‌ನಲ್ಲಿ ಸಾವಿರಾರು ಮಂದಿ ಅದನ್ನು ಹಾಡುತ್ತಾರೆ. ಬಿದ್ದವನ ಮೇಲೆ ಆಳಿಗೊಂದು ಕಲ್ಲು ಎಸೆಯುವುದು ನನಗೆ ಹಿಡಿಸುವುದಿಲ್ಲ. ಮ್ಯಾನೇಜರ್ ಹೋದಾಗ ಸಹಾಯಕರು, ಗೋಲ್‌ಕೀಪಿಂಗ್ ಕೋಚ್, ಫಿಟ್‌ನೆಸ್ ಕೋಚ್ ಹೀಗೆ ಹೆಸರೇ ಕೇಳದ ನಾಲ್ಕಾರು ಮಂದಿಯೂ ಗಂಟುಮೂಟೆ ಕಟ್ಟುತ್ತಾರೆ. ಆ ಕೂಗಿನಿಂದ ಆಟಕ್ಕೂ ನಷ್ಟವಿದೆ. ನಮ್ಮ ತಂಡ ಅವಮಾನ ಮಾಡುವ ಆತುರಕ್ಕೆ ಬೀಳುತ್ತದೆ. ಐದನೇ ನಿಮಿಷಕ್ಕೇ ದೂರದಿಂದ ಹೊಡೆಯುವುದು, ತಾಳ್ಮೆಗೆಟ್ಟು ಕ್ರಾಸ್ ಮಾಡುವುದು, ಎರಡೂ ಫುಲ್‌ಬ್ಯಾಕ್‌ಗಳು ಒಟ್ಟಿಗೆ ಮುಂದೆ ಹೋಗುವುದು ಶುರುವಾಗುತ್ತದೆ. ಅವರ ಮೈದಾನದಲ್ಲಿ ಆಡುವಾಗ ಮೊದಲ ಇಪ್ಪತ್ತು ನಿಮಿಷ ಚೆಂಡು ನಮ್ಮ ಬಳಿ ಇದ್ದು ಏನೂ ಆಗದಿದ್ದರೂ ಲಾಭ ನಮಗೇ, ಏಕೆಂದರೆ ಸ್ಟ್ಯಾಂಡ್‌ನ ಗೊಣಗಾಟ ಬೆಳೆಯುವುದು ಆ ಮೌನದಲ್ಲೇ.

1990ರ ಜನವರಿ 7ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೈದಾನದಲ್ಲಿ ಎಫ್‌ಎ ಕಪ್ ಮೂರನೇ ಸುತ್ತಿನ ಪಂದ್ಯ ಸೋತರೆ ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಕಥೆ ಮುಗಿಯಿತು ಎಂದು ಪತ್ರಿಕೆಗಳು ಬರೆದಿದ್ದವು. ಸೋತಿದ್ದರೂ ವಜಾ ಮಾಡುತ್ತಿರಲಿಲ್ಲ ಎಂದು ಯುನೈಟೆಡ್‌ನ ಆಗಿನ ಅಧ್ಯಕ್ಷ ಮಾರ್ಟಿನ್ ಎಡ್ವರ್ಡ್ಸ್ ಆಮೇಲೆ ಹೇಳಿದ್ದಾರೆ. ಅಂದು ಹಲವು ಮುಖ್ಯ ಆಟಗಾರರು ಗಾಯದಿಂದ ಹೊರಗಿದ್ದರು, 20 ವರ್ಷದ ಮಾರ್ಕ್ ರಾಬಿನ್ಸ್‌ಗೆ ಜಾಗ ಸಿಕ್ಕಿತು, ಮಾರ್ಕ್ ಹ್ಯೂಸ್ ಕಳಿಸಿದ ಚೆಂಡಿಗೆ ತಲೆ ಕೊಟ್ಟು ಗೋಲು ಹೊಡೆದರು, 1-0. ಯುನೈಟೆಡ್ ಆ ವರ್ಷದ ಕಪ್ ಗೆದ್ದಿತು. ಫರ್ಗುಸನ್ 2013ರವರೆಗೂ ಇದ್ದು 13 ಲೀಗ್ ಪ್ರಶಸ್ತಿ ಗೆದ್ದರು. ಫಾರೆಸ್ಟ್ ತಂಡ ಎದುರಿಸಿದ್ದು ಕೂಡ ತಾನು ಊಹಿಸಿದ್ದ ಎದುರಾಳಿಯನ್ನಲ್ಲ. ಪಟ್ಟಿಯಲ್ಲಿ ದೊಡ್ಡ ಹೆಸರುಗಳು ಇಲ್ಲದಿದ್ದಾಗ ಖುಷಿಪಡುವ ಮೊದಲು, ಅವರ ಜಾಗಕ್ಕೆ ಬಂದವನಿಗೆ ಸಾಬೀತುಪಡಿಸಲು ಎಷ್ಟಿದೆ ಎಂದು ಕೇಳಿಕೊಳ್ಳಬೇಕು.

ಬರ್ಟ್ರಾಂಡ್ ಹೆಸರು ಮತ್ತೊಂದು ಪಂದ್ಯದಲ್ಲೂ ಬರುತ್ತದೆ. 2019ರ ಅಕ್ಟೋಬರ್ 25ರಂದು ಸೌತಾಂಪ್ಟನ್ ತನ್ನದೇ ಮೈದಾನದಲ್ಲಿ ಲೆಸ್ಟರ್‌ಗೆ 0-9ರಿಂದ ಸೋತಾಗ, 12ನೇ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದು ಹೊರನಡೆದದ್ದು ಅವರೇ. ಇಂಗ್ಲೆಂಡಿನ ಅಗ್ರ ಲೀಗ್‌ನ ಇತಿಹಾಸದಲ್ಲಿ ಎದುರಾಳಿಯ ಮೈದಾನದಲ್ಲಿ ಸಿಕ್ಕ ಅತಿ ದೊಡ್ಡ ಗೆಲುವು ಅದು. ಮ್ಯಾನೇಜರ್ ರಾಲ್ಫ್ ಹಾಸನ್‌ಹ್ಯೂಟ್ಲ್ ಉಳಿಯುವುದಿಲ್ಲ ಎಂದೇ ಬಹುತೇಕರು ಭಾವಿಸಿದ್ದರು. ಕ್ಲಬ್ ಅವರನ್ನು ಕೈಬಿಡಲಿಲ್ಲ. ಅವರು ಐವರ ಡಿಫೆನ್ಸ್ ಸಾಲನ್ನು ಬಿಟ್ಟು 4-4-2ಕ್ಕೆ ಬಂದರು, ಗನ್ ಬದಲಿಗೆ ಮೆಕಾರ್ಥಿ ಗೋಲಿನಲ್ಲಿ ನಿಂತರು. 78 ದಿನಗಳ ಬಳಿಕ, ಜನವರಿ 11ರಂದು, ಲೆಸ್ಟರ್ ಮೈದಾನದಲ್ಲಿ ಮರುಪಂದ್ಯ. ಲೆಸ್ಟರ್ ಅಂಕಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿತ್ತು, ಅದರ ಅಭಿಮಾನಿಗಳ ಬಾಯಲ್ಲಿ ಇನ್ನೂ ಆ ಒಂಬತ್ತು ಗೋಲುಗಳೇ ಇದ್ದವು. 14ನೇ ನಿಮಿಷದಲ್ಲಿ ಪ್ರಾಟ್ ಹೊಡೆದಾಗ ಮತ್ತೆ ಅದೇ ಕಥೆ ಅನ್ನಿಸಿತ್ತು. ಐದು ನಿಮಿಷದಲ್ಲಿ ಆರ್ಮ್‌ಸ್ಟ್ರಾಂಗ್ ಸಮ ಮಾಡಿದರು. 81ನೇ ನಿಮಿಷಕ್ಕೆ ಡ್ಯಾನಿ ಇಂಗ್ಸ್ ಹೊಡೆದರು, ಸೌತಾಂಪ್ಟನ್ 2-1ರಿಂದ ಗೆದ್ದಿತು.